ಹಿಲ್ಡಾಬಾಯಿಯ ಹಿಂಬಾಗಿಲು

ಹಿಲ್ಡಾಬಾಯಿಗೆ ಕಾರು ಬೇಕಾಗಿರಲೇ ಇಲ್ಲ. ಈ ಮಾತನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಜರ್ಮನಿಯ ಬೊಬ್ಲಿಂಗೆನ್ನಿನ ಯಾವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೂ ಸರಿ, ಎಲ್ಲಿಂದಲೋ ಒಬ್ಬ ಜರ್ಮನ್ ಮುದುಕ ಪ್ರತ್ಯಕ್ಷನಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಾರಿಗೆ ಪ್ರದಕ್ಷಿಣೆ ಹಾಕಲು ಶುರುಮಾಡುತ್ತಿದ್ದ. ಎಂಜಿನ್ ಎಷ್ಟು ಲೀಟರಿನದು, ಸಿಲಿಂಡರ್ ಎಂಟಾ, ಯಾವ ಇಸವಿಯದು, ಪಕ್ಕದ ಪಟ್ಟಿ ನಿಜವಾದ ಮರದ್ದಾ?

"ಮರ ಅಲ್ಲ, ಮರದ ಸ್ಟಿಕರ್," ಎಂದು ಹಿಲ್ಡಾಬಾಯಿ ಜರ್ಮನ್‌ನಲ್ಲಿ ಹೇಳಿ, ಪೈಪು ಕೊಕ್ಕೆಗೆ ಸಿಕ್ಕಿಸಿ ಒಳಗೆ ಕೂರುತ್ತಿದ್ದರು. ಮುದುಕ ಆಗಲೂ ಹೋಗುತ್ತಿರಲಿಲ್ಲ. ತನ್ನ ಹರೆಯದಲ್ಲಿ ಅಮೆರಿಕದ ಸೈನಿಕರು ಇಂಥದ್ದೇ ಕಾರಿನಲ್ಲಿ ಹೇಗೆ ಓಡಾಡುತ್ತಿದ್ದರು ಎಂದು ಕಿಟಕಿಯಲ್ಲಿ ತಲೆ ತೂರಿಸಿ ಹೇಳುತ್ತಿದ್ದ. ಕಾರಿನ ಹಿಂಭಾಗದಲ್ಲಿ ಯಾರದೋ ಮನೆಯ ಊಟಕ್ಕೆ ಒಯ್ಯುತ್ತಿದ್ದ ಸಾಂಬಾರು ಆರುತ್ತಿರುತ್ತಿತ್ತು.

ಅದು ಸ್ಟೇಷನ್ ವ್ಯಾಗನ್. ಎಪ್ಪತ್ತರ ದಶಕದಲ್ಲಿ ಅಮೆರಿಕದವರು ಇನ್ನು ಇದಕ್ಕಿಂತ ದೊಡ್ಡದು ಮಾಡಲು ಆಗುವುದಿಲ್ಲ ಎಂಬಲ್ಲಿಯವರೆಗೂ ಎಳೆದು ಮಾಡಿದ ಕಾರು. ಮುಂದೆ ಮಂಚದಷ್ಟು ಉದ್ದದ ಮೂತಿ, ಹಿಂದೆ ಒಂದು ಸಣ್ಣ ಕೋಣೆ. ಮಧ್ಯದ ಸೀಟು, ಹಿಂದಿನ ಸೀಟು ಎರಡನ್ನೂ ಮಡಿಚಿದರೆ ಸಮತಟ್ಟಾದ ಜಗಲಿ. ಜರ್ಮನಿಯ ಪಾರ್ಕಿಂಗ್ ಗೆರೆಗಳೊಳಗೆ ಅದು ಒಂದು ದಿನವೂ ಹಿಡಿದದ್ದಿಲ್ಲ. ಮೂತಿ ಗೋಡೆಗೆ ತಾಗಿಸಿದರೂ ಬಾಲ ದಾರಿಗೆ ಚಾಚಿರುತ್ತಿತ್ತು. ವೈಪರಿನ ಕೆಳಗೆ ನೆರೆಹೊರೆಯವರು ಸಿಕ್ಕಿಸಿದ ಚೀಟಿಗಳನ್ನು ಹಿಲ್ಡಾಬಾಯಿ ಓದುವುದನ್ನೇ ಬಿಟ್ಟಿದ್ದರು.

ಶಿರ್ವದ ಹುಡುಗಿ ಹಿಲ್ಡಾ ಈ ಊರಿಗೆ ಬಂದದ್ದು ಕಂಪ್ಯೂಟರ್ ಕಲಿತು ಅಲ್ಲ. ಕುವೈತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ಪರಿಚಯವಾದ ಒಂದು ಅಮೆರಿಕನ್ ಕುಟುಂಬ, ಮೇಜರ್ ಹ್ಯಾಡ್ಲಿಯವರದು, ಬೊಬ್ಲಿಂಗೆನ್ನಿನ ಸೈನ್ಯದ ನೆಲೆಗೆ ವರ್ಗವಾದಾಗ ಹಿಲ್ಡಾರನ್ನೂ ಕರೆದುಕೊಂಡು ಬಂತು. ಮೂರು ಮಕ್ಕಳು, ಒಂದು ನಾಯಿ, ಮತ್ತೆ ಈ ಕಾರು. ಕಾರು ಮೇಜರನ ಹೆಂಡತಿಗೆ ಅವಳ ಅಪ್ಪ ಕೊಟ್ಟದ್ದು. ಆ ಪುಣ್ಯಾತ್ಮ ಅದನ್ನು ಕೊಳ್ಳುವಾಗ ಅಂಗಡಿಯವನು ಇದು ಬೇಕಾ, ಅದು ಬೇಕಾ ಎಂದು ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದನಂತೆ. ಹಾಗಾಗಿ ಕರೆಂಟಿನಲ್ಲಿ ಏರಿಳಿಯುವ ಕಿಟಕಿ, ಕರೆಂಟಿನಲ್ಲಿ ಹಿಂದೆ ಮುಂದೆ ಹೋಗುವ ಸೀಟು, ಎ.ಸಿ., ಬಣ್ಣದ ಗಾಜು, ಗಡಿಯಾರ, ಮಾಡಿನ ಮೇಲೆ ಸಾಮಾನು ಕಟ್ಟುವ ಕಂಬಿ, ಒಂಬತ್ತು ಜನ ಕೂರುವಂತೆ ಮೂರನೆಯ ಸಾಲಿನ ಸೀಟು, ಎಲ್ಲವೂ ಇತ್ತು. ಎಲ್ಲಕ್ಕಿಂತ ಮಿಗಿಲಾಗಿ ಆ ಹಿಂಬಾಗಿಲು. ಮಾಮೂಲಿ ಬಾಗಿಲಿನ ಹಾಗೆ ಅದು ತೆರೆಯುವುದಿಲ್ಲ. ಮೂಲೆಯ ಕಿಂಡಿಯಲ್ಲಿ ಕೀಲಿ ತಿರುಗಿಸಿದರೆ ಮೇಲಿನ ಗಾಜು ಸರಿದು ಮಾಡಿನೊಳಗೆ ಹೋಗುತ್ತದೆ, ಕೆಳಗಿನ ಅರ್ಧ ಸರಿದು ನೆಲದಡಿಗೆ ಹೋಗುತ್ತದೆ. ಬಾಗಿಲು ಎಂಬುದೇ ಮಾಯ. ಮೊದಲ ಸಲ ನೋಡಿದಾಗ ಹಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಿದ್ದರು. ಆಮೇಲೆ ಗೊತ್ತಾಯಿತು, ಮಾಯವಾಗುವುದು ದೊಡ್ಡ ಸಂಗತಿಯಲ್ಲ; ಬೇಕೆಂದಾಗ ಮಾಯವಾಗಬೇಕಲ್ಲ.

ಎಂಟು ವರ್ಷ ಹಿಲ್ಡಾ ಮೂರನೆಯ ಸಾಲಿನಲ್ಲಿ ಕೂತರು. ಅಲ್ಲಿಗೆ ಹೋಗಬೇಕಾದರೆ ಮಧ್ಯದ ಸೀಟಿನ ಒಂದು ಬದಿ ಮಡಿಚಿ, ಬಗ್ಗಿ, ಗಂಟಿನ ಹಾಗೆ ಉರುಳಿಕೊಳ್ಳಬೇಕು. ಆಲ್ಪ್ಸ್ ಬೆಟ್ಟದ ತಿರುವುಗಳಲ್ಲಿ ನಡುವಿನ ಹುಡುಗಿ ಬೆತ್ ಹಿಲ್ಡಾರ ಮಡಿಲಲ್ಲೇ ವಾಂತಿ ಮಾಡುತ್ತಿದ್ದಳು, ನಾಯಿ ಕಿವಿಗೆ ಉಸಿರು ಬಿಡುತ್ತಿತ್ತು. ಮುಂದಿನ ಸೀಟಿನಿಂದ ಮೇಜರನ ಹೆಂಡತಿ, "ಹಿಲ್ಡಾ, ವ್ಯೂ ಹೇಗಿದೆ?" ಎಂದು ಕೇಳುತ್ತಿದ್ದಳು. ಹಿಲ್ಡಾ ಬೆಟ್ಟ ಕಂಡದ್ದು ಬಹಳ ಕಡಿಮೆ, ಬೆತ್‌ಳ ನೆತ್ತಿ ಕಂಡದ್ದೇ ಹೆಚ್ಚು.

ಮೇಜರಿಗೆ ವಾಪಸು ವರ್ಗವಾಯಿತು. ಅವರು ಹೊಸ ಕಾರನ್ನು ಹಡಗಿಗೆ ಹಾಕಿದರು, ಹಳೆಯದನ್ನು ಹಿಲ್ಡಾರ ಹೆಸರಿಗೆ ಬರೆದರು. "ಮಾರಿಕೋ, ಇಟ್ಟುಕೋ, ನಿನ್ನಿಷ್ಟ." ಆಗ ಹಿಲ್ಡಾರಿಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಮಾರೋಣವೆಂದರೆ ಆ ಕಾಲಕ್ಕೆ ಅದು ಪುರಾತನ ವಸ್ತುವೂ ಆಗಿರಲಿಲ್ಲ, ಹೊಸದೂ ಆಗಿರಲಿಲ್ಲ, ಬರೀ ಹಳೆಯ ಕಾರು. ಯಾರಿಗೂ ಬೇಡವಾಗಿತ್ತು. ಕೊನೆಗೆ ಸಿಟ್ಟಿನಲ್ಲೇ ಡ್ರೈವಿಂಗ್ ಶಾಲೆಗೆ ಸೇರಿದರು. ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಶನಿವಾರ, ಭಾನುವಾರ ಯಾರದೋ ಮನೆಯ ಬರ್ತ್‌ಡೇಗೆ, ಯಾರದೋ ಮಗುವಿನ ಕ್ರಿಸ್ತನಿಂಗಿಗೆ ಅಡುಗೆ ಮಾಡಿಕೊಟ್ಟರು. ತುಂಬಿದ ತಪ್ಪಲೆ ಒಂದಿಷ್ಟೂ ವಾಲದೆ ಕೂರುವ ಕಾರು ಊರಲ್ಲಿ ಇವರೊಬ್ಬರಲ್ಲೇ ಇದ್ದದ್ದು. ಬೆಂಗಳೂರು, ಮೈಸೂರಿನ ಐಟಿಯವರು ಬಂದು ತುಂಬಿಕೊಂಡ ಮೇಲೆ ಶಾಕಾಹಾರಕ್ಕೇ ಬೇರೆ ಪಾತ್ರೆ ಕೊಂಡರು. ಅಡುಗೆಗೆ ಉಡುಪಿಯ ಪ್ರೇಮಕುಮಾರಿ ಬಂದು ಸೇರಿದರು. ಹಿಲ್ಡಾ ವೃದ್ಧಾಶ್ರಮದ ಕೆಲಸ ಬಿಟ್ಟರು. ಹೀಗೆ ಹಿಲ್ಡಾ ಹಿಲ್ಡಾಬಾಯಿಯಾದರು. ಬಾಯಿಯ ಅಡುಗೆಗೆ ಹೆಸರು ಬಂತು.

ಕಾರಿಗೂ ಬಂತು, ಅದೇ ಅವರ ಸಂಕಟ. ಮೂವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ಪುರಾತನ ಎಂಬ ವಿಶೇಷ ನಂಬರ್ ಪ್ಲೇಟ್ ಸಿಗುತ್ತದೆ, ಆದರೆ ಎಲ್ಲವೂ ಮೂಲದಲ್ಲಿದ್ದಂತೆಯೇ ಇರಬೇಕು. ಒಂದು ಬಾಗಿಲಿನ ಮರದ ಸ್ಟಿಕರ್ ಬಿಸಿಲಿಗೆ ಸುಲಿದು ಬಂದಾಗ ಹಿಲ್ಡಾಬಾಯಿ ಅಡುಗೆಮನೆಯ ಕಪಾಟಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ ತಂದು ನೀಟಾಗಿ ಅಂಟಿಸಿದ್ದರು. ತಪಾಸಣೆಯವನು ಅದರ ಮೇಲೆ ಬೆರಳಾಡಿಸಿ, "ಇದು ಓಕ್ ಮರದ ಚಿತ್ರ. ಅಲ್ಲಿ ಇರಬೇಕಾದದ್ದು ವಾಲ್‌ನಟ್," ಎಂದ.

"ಎರಡೂ ಪ್ಲಾಸ್ಟಿಕ್ಕೇ ಅಲ್ವಾ?"

"ಹೌದು. ಆದರೆ ಇದು ತಪ್ಪು ಪ್ಲಾಸ್ಟಿಕ್."

ಅಂದು ಮನೆಗೆ ಬಂದು ಹಿಲ್ಡಾಬಾಯಿ ತೆಂಗಿನಕಾಯಿ ಒಡೆದ ರಭಸಕ್ಕೆ ಕೆಳಮನೆಯವರು ಮೇಲೆ ಓಡಿಬಂದಿದ್ದರು.

ಇಷ್ಟೆಲ್ಲ ಸಹಿಸಿಕೊಂಡಿದ್ದವರ ತಾಳ್ಮೆ ತಪ್ಪಿದ್ದು ಕಳೆದ ಏಪ್ರಿಲ್‌ನಲ್ಲಿ, ನಿಶ್ಚಿತಾಳ ಮಗಳ ನಾಮಕರಣದ ದಿನ. ನಿಶ್ಚಿತಾ ಮೈಸೂರಿನವಳು, ಗಂಡ ಯತಿರಾಜ್, ಇಬ್ಬರೂ ಸಾಫ್ಟ್‌ವೇರ್. ಊರಾಚೆ ಒಂದು ಸಮುದಾಯ ಭವನ ಹಿಡಿದಿದ್ದರು. ಬಾಳೆ ಎಲೆ ವಿಮಾನದಲ್ಲಿ ಬಂದಿತ್ತು, ಹೂವಿನ ಮಂಟಪ ಕಟ್ಟಿಸಿದ್ದರು, ಫೋಟೋಗ್ರಾಫರ್ ಒಬ್ಬನನ್ನು ಗೊತ್ತುಮಾಡಿದ್ದರು. ಶಾಸ್ತ್ರ ಮುಗಿದು ಮಗುವಿನ ಹೆಸರನ್ನು ಕಿವಿಯಲ್ಲಿ ಹೇಳುವ ಹೊತ್ತಿಗೆ ಸರಿಯಾಗಿ ಹಿಲ್ಡಾಬಾಯಿಯ ಕಾರು ಭವನದ ಹಿಂದೆ ಬಂದು ನಿಂತಿತು. ಒಳಗೆ ಕೋಸಂಬರಿ, ಪಲ್ಯ, ಹೋಳಿಗೆ, ಮಜ್ಜಿಗೆಹುಳಿ, ತೀರಾ ಹಿಂದೆ ದೊಡ್ಡ ತಪ್ಪಲೆಗಳಲ್ಲಿ ಬಿಸಿಬೇಳೆಬಾತು ಮತ್ತು ಹೆಸರುಬೇಳೆ ಪಾಯಸ.

ಹಿಲ್ಡಾಬಾಯಿ ಕೀಲಿ ತಿರುಗಿಸಿದರು. ಗಾಜು ಎರಡು ಬೆರಳಷ್ಟು ಮೇಲೆ ಹೋಯಿತು. ಒಳಗಿನಿಂದ ಹಲ್ಲುನೋವಿನವನ ನರಳಾಟದಂಥ ಸದ್ದು ಬಂತು. ಆಮೇಲೆ ಅದೂ ನಿಂತಿತು.

ಇನ್ನೊಮ್ಮೆ ತಿರುಗಿಸಿದರು. ಮುಂದೆ ಹೋಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚು ಒತ್ತಿದರು. ಹಿಂದೆ ಬಂದು ಅಂಗೈಯಿಂದ ಬಡಿದರು. ಗಾಜು ಮೇಲೆ ಹೋಗದೆ ಕೆಳಗಿನ ಬಾಗಿಲು ಜಾರುವುದಿಲ್ಲ. ಅದು ಆ ಬಾಗಿಲಿನ ಕಟ್ಟಳೆ.

"ನಾನು ಹೇಳಿದ್ದೆ," ಎಂದರು ಪ್ರೇಮಕುಮಾರಿ. "ಒಂದು ವ್ಯಾನ್ ತಗೊಳ್ಳಿ ಬಾಯಿ, ಎರಡು ಬಾಗಿಲಿನದ್ದು, ಕೈಯಲ್ಲಿ ತೆಗೆಯುವಂಥದ್ದು ಅಂತ ಹೇಳಿದ್ದೆ."

"ಹೇಳಿದ್ದು ಗೊತ್ತುಂಟು. ಈಗ ಬಾಯಿ ಮುಚ್ಚಿ ಆ ಕಡೆಯಿಂದ ದೂಡಿ."

ಗಾಜಿನ ಸಂದಿನಿಂದ ಇಂಗು, ತುಪ್ಪದ ಪರಿಮಳ ಹೊರಗೆ ಹೋಗಿ ಸುದ್ದಿ ಮುಟ್ಟಿಸಿತು. ಮೊದಲು ಹೊರಗೆ ಬಂದವನು ಅನೂಪ್, ಯತಿರಾಜ್‌ನ ಸಹೋದ್ಯೋಗಿ. ಕಾರು ಕಂಪನಿಗಳಿಗೆ ಹಿಂಬಾಗಿಲ ಸಾಫ್ಟ್‌ವೇರ್ ಬರೆಯುವುದೇ ಅವನ ಕೆಲಸ. ಬಂಪರಿನ ಕೆಳಗೆ ಕಾಲು ಬೀಸಿದರೆ ತಾನೇ ತೆರೆದುಕೊಳ್ಳುತ್ತದಲ್ಲ, ಅಂಥದ್ದು.

"ಆಂಟಿ, ಕಂಟ್ರೋಲ್ ಯೂನಿಟ್ ಎಲ್ಲಿದೆ?"

"ಎಂತ ಯೂನಿಟ್ಟು ಮಾರಾಯ? ಒಂದು ಮೋಟರ್ ಉಂಟು, ಒಂದು ವಯರ್ ಉಂಟು."

"ಅಷ್ಟೇನಾ?" ಅನೂಪ್‌ನ ಮುಖ ಬಾಡಿತು. "ನಮ್ಮಲ್ಲಿ ಟೆಸ್ಟ್ ಬೆಂಚಲ್ಲಿ ಸಾವಿರಾರು ಸಲ ಓಪನ್, ಕ್ಲೋಸ್ ಮಾಡಿಸ್ತೀವಿ."

"ಇದು ಆ ಟೆಸ್ಟೆಲ್ಲ ಮುಗಿಸಿ ರಿಟೈರ್ ಆದದ್ದು. ನಿಂಗೆ ಫ್ಯೂಸ್ ನೋಡ್ಲಿಕ್ಕೆ ಬರ್ತದಾ ಹೇಳು."

ಫ್ಯೂಸು ಸರಿಯಾಗಿತ್ತು. ಅಷ್ಟರಲ್ಲಿ ಇನ್ನೂ ಏಳೆಂಟು ಜನ ಬಂದರು. ಎಲ್ಲರೂ ಕಾರಿನ ಅನ್ನ ತಿನ್ನುವವರೇ: ಒಬ್ಬ ಬ್ರೇಕು, ಒಬ್ಬ ಬ್ಯಾಟರಿ, ಒಬ್ಬ ಸೀಟು ಬಿಸಿಮಾಡುವವನು. ಒಬ್ಬ ರೇಷ್ಮೆ ಪಂಚೆಯಲ್ಲೇ ನೆಲಕ್ಕೆ ಮಲಗಿ ಅಡಿಗೆ ಇಣುಕಿದ. ಒಬ್ಬ ಫೋನಿನಲ್ಲಿ ಹುಡುಕಿ, ಓಹಾಯೋದ ಯಾರೋ ಇದೇ ತೊಂದರೆಯ ಬಗ್ಗೆ ಹಿಂದೊಮ್ಮೆ ಬರೆದಿದ್ದಾನೆ, ಉತ್ತರ ಮಾತ್ರ ಯಾರೂ ಕೊಟ್ಟಿಲ್ಲ ಎಂದು ತಿಳಿಸಿದ. "ಗುರು, ಬ್ಯಾಟರಿ ವೋಲ್ಟೇಜ್ ಡ್ರಾಪ್," ಎಂದು ಒಬ್ಬ, "ಇಲ್ಲ ಮಗಾ, ಗ್ರೌಂಡ್ ಪ್ರಾಬ್ಲಮ್," ಎಂದು ಇನ್ನೊಬ್ಬ. ವಾದಕ್ಕೆ ಕಾವೇರಿತು. ಬಿಸಿಬೇಳೆಬಾತಿನ ಕಾವು ಇಳಿಯುತ್ತಿತ್ತು. ಹಿಲ್ಡಾಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತು, ಹಿಂದೆ ಮೇಜರನ ಮಕ್ಕಳು ಜಗಳವಾಡುವಾಗ ಮಾಡುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡರು.

ನಿಶ್ಚಿತಾ ಸೀರೆಯ ನೆರಿಗೆ ಹಿಡಿದುಕೊಂಡು ಓಡಿಬಂದಳು. "ಆಂಟಿ, ಏನಾಯ್ತು? ಎಲ್ರೂ ಎಲೆ ಮುಂದೆ ಕೂತಾಯ್ತು! ನಾಲ್ಕು ಗಂಟೆಗೆ ಹಾಲ್ ಖಾಲಿ ಮಾಡ್ಬೇಕು, ಕಟ್ಟಡ ನೋಡ್ಕೊಳ್ಳೋ ಹೌಸ್‌ಮೈಸ್ಟರ್ ಈಗ್ಲೇ ಗಡಿಯಾರ ನೋಡ್ತಾ ನಿಂತಿದಾನೆ!"

ಅವಳ ಹಿಂದೆಯೇ ಅವಳಪ್ಪ ಕೃಷ್ಣಪ್ಪ ಬಂದರು. ಮೊಮ್ಮಗಳ ನಾಮಕರಣಕ್ಕೆಂದೇ ಮೈಸೂರಿನಿಂದ ಬಂದವರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಯಾಗಿತ್ತು, ಇನ್ನು ತಡೆಯುವ ಹಾಗಿರಲಿಲ್ಲ. ಕಾರನ್ನು ಒಮ್ಮೆ ಮುಂದಿನಿಂದ ಹಿಂದಿನವರೆಗೆ ನೋಡಿದರು.

"ಇಷ್ಟು ದೊಡ್ಡ ಗಾಡಿಗೆ ಪಕ್ಕದಲ್ಲಿ ನಾಲ್ಕು ಬಾಗಿಲಿದೆಯಲ್ಲಮ್ಮ?"

ಸಣ್ಣ ಪಾತ್ರೆಗಳೆಲ್ಲ ಪಕ್ಕದ ಬಾಗಿಲಿನಿಂದ ಹೊರಗೆ ಬಂದವು. ದೊಡ್ಡ ತಪ್ಪಲೆಗಳು ಮಾತ್ರ ಚಕ್ರದ ಉಬ್ಬುಗಳ ನಡುವೆ ಕೂತುಬಿಟ್ಟಿದ್ದವು. ತುಂಬಿದ ತಪ್ಪಲೆಯನ್ನು ಬಗ್ಗಿಕೊಂಡು ಎತ್ತಲು ಯಾರ ಬೆನ್ನೂ ಒಪ್ಪಲಿಲ್ಲ. ಹಿಲ್ಡಾಬಾಯಿ ಸೌಟು ಹಲ್ಲಲ್ಲಿ ಕಚ್ಚಿಕೊಂಡು ಮಧ್ಯದ ಸೀಟಿನ ಬಾಗಿಲಿನಿಂದ ಮೊಣಕಾಲೂರಿ ಒಳಗೆ ತೆವಳಿದರು. ಅರವತ್ತು ಹತ್ತಿರವಾದ ಮೊಣಕಾಲು ಎರಡೂ ಒಟ್ಟಿಗೆ ಅತ್ತವು. ಮಾಡು ತಲೆಗೆ ತಾಗುತ್ತಿತ್ತು. ಎಂಟು ವರ್ಷ ಕೂತಿದ್ದ ಅದೇ ಮೂಲೆಯಲ್ಲಿ ಕಾಲು ಮಡಿಚಿ ಕೂತು, ತಪ್ಪಲೆಯ ಮುಚ್ಚಳ ತೆಗೆದು, ಬಕೆಟ್ಟಿಗೆ ಬಡಿಸಿ ಬಡಿಸಿ ಹೊರಗೆ ದಾಟಿಸಿದರು. ಬಕೆಟ್ಟುಗಳು ಕೈಯಿಂದ ಕೈಗೆ ಭವನದವರೆಗೆ ಹೋದವು. ಆದರೆ ಹಸಿದವರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಕೃಷ್ಣಪ್ಪ ತಮ್ಮ ಎಲೆಯನ್ನೇ ಹಿಡಿದುಕೊಂಡು ಬಂದು ಬಾಗಿಲಿಗೆ ನಿಂತರು. "ಇಲ್ಲಿಗೇ ಹಾಕಿಬಿಡಮ್ಮ." ಅವರ ಹಿಂದೆ ಅನೂಪ್, ಅವನ ಹಿಂದೆ ಬ್ರೇಕಿನವನು, ಬ್ಯಾಟರಿಯವನು. ಮಕ್ಕಳು ಇನ್ನೊಂದು ಬಾಗಿಲಿನಿಂದ ಒಳಗೆ ನುಗ್ಗಿ, ಹಿಲ್ಡಾಬಾಯಿಯ ಸುತ್ತ ಚಕ್ಕಳಮಕ್ಕಳ ಹಾಕಿ ಕೂತು, ಇದು ಹಡಗು ಎಂದು ಜರ್ಮನ್‌ನಲ್ಲಿ ಕಿರುಚುತ್ತ ತಿಂದರು. ಒಬ್ಬ ಪಾಯಸವನ್ನು ನೆಲದ ಕಾರ್ಪೆಟ್ಟಿಗೆ ಅರ್ಪಿಸಿದ. ಫೋಟೋಗ್ರಾಫರ್ ಹೂವಿನ ಮಂಟಪವನ್ನು ಬಿಟ್ಟು ಬಂದವನು ಕೊನೆಯವರೆಗೆ ಕಾರನ್ನು ಬಿಟ್ಟು ಕದಲಲಿಲ್ಲ.

ನಿಶ್ಚಿತಾ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಳು. ಆಮೇಲೆ ಅವಳೂ ಒಂದು ತಟ್ಟೆ ಹಿಡಿದು ಬಂದಳು.

ಮಾರನೆಯ ದಿನ ಆ ಫೋಟೋಗಳು ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿದವು. ಮೆಕ್ಯಾನಿಕ್, ಗಾಜಿನ ಮೋಟರು ಸವೆದಿದೆ, ಹೊಸದು ಅಮೆರಿಕದಿಂದ ಬರಬೇಕು, ಯಾವಾಗ ಬರುತ್ತದೋ ದೇವರಿಗೇ ಗೊತ್ತು ಎಂದ. ಅದೇ ವಾರ ಫೋನಿನ ಮೇಲೆ ಫೋನು. ಕಾರ್ಲ್ಸ್‌ರುಹೆಯಿಂದ ಸಂಜನಾ ಎಂಬವಳು ಕರೆದಳು. "ಆಂಟಿ, ನಮ್ಮನೆ ಸೀಮಂತಕ್ಕೂ ನೀವೇ ಬರ್ಬೇಕು. ಆ ಥರಾನೇ ಕಾರೊಳಗಿಂದ ಬಡಿಸ್ತೀರಲ್ವಾ? ಥೀಮ್ ತುಂಬಾ ಚೆನ್ನಾಗಿದೆ."

"ಥೀಮ್ ಅಲ್ಲಮ್ಮ, ಬಾಗಿಲು ಸಿಕ್ಕಿಹಾಕಿಕೊಂಡದ್ದು."

"ಅದೇ, ಅದೇ. ಸೋ ಕ್ಯೂಟ್."

"ಅಡುಗೆ ಎಂತ ಬೇಕು?"

"ಏನಾದ್ರೂ ಮಾಡಿ ಆಂಟಿ, ಅಡ್ಡಿಯಿಲ್ಲ. ಕಾರು ಮಾತ್ರ ತೊಳೆಸ್ಕೊಂಡು ಬನ್ನಿ."

ಹಿಲ್ಡಾಬಾಯಿ ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ಮಗುಚಿ ಹಾಕಿದರು. ಮಸಾಲೆ ಹುರಿಯುವಾಗ ಒಂದು ಕ್ಷಣ ಅತ್ತಿತ್ತ ನೋಡದೆ ನಿಂತು ಮಾಡಿದ ಬಿಸಿಬೇಳೆಬಾತು ಅದು. ಅಷ್ಟು ಜನ ತಿಂದರು. ಇಷ್ಟು ಜನ ಫೋನು ಮಾಡಿದರು. ಉಪ್ಪು ಸರಿಯಿತ್ತಾ ಎಂದು ಹೇಳಲು ಒಬ್ಬರ ಬಾಯಿಯೂ ತೆರೆಯಲಿಲ್ಲ.

"ಮಾರಿಬಿಡ್ತೇನೆ," ಎಂದರು. "ಪ್ರೇಮಾ, ಇಂಟರ್‌ನೆಟ್ಟಿಗೆ ಹಾಕಿ."

ಪ್ರೇಮಕುಮಾರಿ ಈ ಅಪ್ಪಣೆಗೆ ವರ್ಷಗಳಿಂದ ಕಾದಿದ್ದರು. ಜಾಹೀರಾತು ಹಾಕಿದರು. ಹ್ಯಾನೋವರ್‌ನಿಂದ ಹೆರ್ ಕ್ಲಾಸೆನ್ ಎಂಬ ನಿವೃತ್ತ ದಂತವೈದ್ಯ ರೈಲಿನಲ್ಲಿ ಬಂದ. ಬಿಳಿಯ ಹತ್ತಿಯ ಗ್ಲೌಸು, ಸಣ್ಣ ಟಾರ್ಚು, ಬಾಗಿಲ ಸಂದು ನೋಡುವ ಕನ್ನಡಿ, ಎಲ್ಲ ತಂದಿದ್ದ. ಕಾರಿನ ಪಕ್ಕ ನಿಂತಾಗ ಅವನ ಕಣ್ಣಲ್ಲಿ ನೀರು ಬಂದಂತಿತ್ತು.

ಹಿಲ್ಡಾಬಾಯಿ ಸುಳ್ಳು ಹೇಳುವವರಲ್ಲ. "ನೋಡಿ, ಎ.ಸಿ. ತಂಪಾಗುವುದಿಲ್ಲ. ಗಡಿಯಾರ ನಿಂತು ಯಾವ ಕಾಲವೋ ಆಯಿತು. ಪವರ್ ಸೀಟು ಮುಂದೆ ಹೋದರೆ ಹಿಂದೆ ಬರುವುದಿಲ್ಲ. ಹಿಂಬಾಗಿಲು ಸತ್ತಿದೆ."

ಕ್ಲಾಸೆನ್ ತಲೆಯಾಡಿಸುತ್ತ ಕೀಲಿ ಇಸಿದುಕೊಂಡ. ಸೀಟಿನ ಗುಂಡಿ ಒತ್ತಿದ. ಸೀಟು ಬೆಣ್ಣೆಯ ಹಾಗೆ ಹಿಂದಕ್ಕೆ ಸರಿಯಿತು. ಎ.ಸಿ. ಹಾಕಿದ, ತಣ್ಣನೆಯ ಗಾಳಿ ಬಂತು. ಹಿಂದೆ ಹೋಗಿ ಕಿಂಡಿಯಲ್ಲಿ ಕೀಲಿ ತಿರುಗಿಸಿದ. ಗಾಜು ಒಂದು ಉಸಿರೂ ಎತ್ತದೆ ಮಾಡಿನೊಳಗೆ ಹೋಯಿತು. ಕೆಳಗಿನ ಬಾಗಿಲು ನೆಲದಡಿಗೆ ಜಾರಿತು. ಎದುರಿಗೆ ತೆರೆದ ಜಗಲಿ.

ಹಿಲ್ಡಾಬಾಯಿಗೆ ಮೈಯೆಲ್ಲ ಉರಿಯಿತು. ತನ್ನ ಮನೆಯಲ್ಲಿ ಅನ್ನ ಮುಟ್ಟದ ಮಗು ನೆಂಟರ ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ತಿಂದರೆ ತಾಯಿಗೆ ಹೇಗಾಗುತ್ತದೆಯೋ ಹಾಗೆ. "ಬೇವರ್ಸಿ," ಎಂದರು. ಕ್ಲಾಸೆನ್ ಅದನ್ನು ಕಾರಿನ ಮಾಡೆಲ್ ಹೆಸರೆಂದುಕೊಂಡು ಬರೆದುಕೊಳ್ಳಲು ಹೊರಟಿದ್ದ.

ಅವನು ಕೊಡುತ್ತೇನೆಂದದ್ದು ಒಳ್ಳೆಯ ಬೆಲೆಯೇ. ಪ್ರೇಮಕುಮಾರಿ ಆಗಲೇ ಮನಸ್ಸಿನಲ್ಲಿ ವ್ಯಾನಿನ ಬಣ್ಣ ಆರಿಸುತ್ತಿದ್ದರು. ಕ್ಲಾಸೆನ್ ತನ್ನ ಯೋಜನೆ ಹೇಳಿದ: ಬಿಸಿಗಾಳಿಯ ಶೆಡ್ಡಿನಲ್ಲಿ ಇಡುತ್ತಾನೆ, ಹತ್ತಿಯ ಹೊದಿಕೆ ಹಾಕುತ್ತಾನೆ, ಮಳೆಯಿಲ್ಲದ ಭಾನುವಾರ ಮಾತ್ರ ಹೊರಗೆ ತೆಗೆಯುತ್ತಾನೆ, ಹಿಂದಿನ ಸೀಟಿಗೆ ಯಾರನ್ನೂ ಹತ್ತಿಸುವುದಿಲ್ಲ. ಆಮೇಲೆ ಹಿಂದಿನ ಜಗಲಿಗೆ ಬಗ್ಗಿ, ಮೂಗು ಒಳಗೆಳೆದು, ವೈದ್ಯರು ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ, "ಈ ವಾಸನೆಯೊಂದು ಹೋಗಬೇಕು. ಕಾರ್ಪೆಟ್ಟು, ಸೀಟು, ಮಾಡಿನ ಬಟ್ಟೆ, ಎಲ್ಲ ಕಿತ್ತು ಓಝೋನ್ ಅನಿಲ ಹಾಯಿಸುತ್ತೇನೆ. ಏನಿತ್ತು ಇಲ್ಲಿ, ಪ್ರಾಣಿಗಳಾ?" ಎಂದು ಕೇಳಿದ.

ಹಿಲ್ಡಾಬಾಯಿ ತಾವೂ ಬಗ್ಗಿ ಒಮ್ಮೆ ಮೂಸಿದರು. ಅಲ್ಲಿ ಇದ್ದದ್ದು ಇಂಗು, ಒಗ್ಗರಣೆಯ ಕರಿಬೇವು, ಹುರಿದ ಕೊತ್ತಂಬರಿ, ಚೆಲ್ಲಿದ ಪಾಯಸ. ಎಲ್ಲಕ್ಕಿಂತ ಅಡಿಯಲ್ಲಿ ಎಲ್ಲೋ ಬೆತ್ ಎಂಬ ಹುಡುಗಿಯ ಆಲ್ಪ್ಸ್ ಪ್ರವಾಸವೂ ಇದ್ದಿರಬಹುದು. ಇಷ್ಟು ವರ್ಷ ದುಡಿದದ್ದಕ್ಕೆ ಈ ದೇಶದಲ್ಲಿ ಬೇರೆ ಯಾವ ಗುರುತೂ ಅವರ ಬಳಿ ಇರಲಿಲ್ಲ.

"ಕೀಲಿ ಕೊಡಿ," ಎಂದರು.

"ಏನು?"

"ಕೊಡುವುದಿಲ್ಲ ಕಾರು. ನಿಮ್ಮ ರೈಲು ಎಷ್ಟು ಗಂಟೆಗೆ? ಸ್ಟೇಷನ್ನಿನವರೆಗೆ ಬಿಡ್ತೇನೆ."

ಕ್ಲಾಸೆನ್ ಬೆಲೆ ಏರಿಸಿದ. ಹಿಲ್ಡಾಬಾಯಿ ಮಧ್ಯದ ಸೀಟು ಮಡಿಚಿ, ಮೂರನೆಯ ಸಾಲನ್ನು ಎತ್ತಿ ನಿಲ್ಲಿಸಿ, ಅವನನ್ನು ಅಲ್ಲಿಗೇ ಹತ್ತಿಸಿದರು. ಬಿಳಿ ಗ್ಲೌಸಿನ ದಂತವೈದ್ಯ ಬಗ್ಗಿ, ಉರುಳಿ, ಇಂಗಿನ ನಡುವೆ ಕೂತು ಹೊರಟ. ಮುಂದಿನ ಸೀಟಿನಲ್ಲಿದ್ದ ಪ್ರೇಮಕುಮಾರಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು, ಮೊದಲು ಸಿಟ್ಟಿಗೆ, ಆಮೇಲೆ ನಗು ತಡೆಯಲಾರದೆ.

ಅವನನ್ನು ಇಳಿಸಿ ಮನೆಗೆ ಬಂದು, ಖಾಲಿ ಪಾತ್ರೆ ಕಾರಿಗೆ ತುಂಬೋಣವೆಂದು ಹಿಲ್ಡಾಬಾಯಿ ಹಿಂಬಾಗಿಲಿಗೆ ಕೀಲಿ ಹಾಕಿದರು. ಗಾಜು ಎರಡು ಬೆರಳು ಮೇಲೆ ಹೋಗಿ ನಿಂತಿತು.

"ನೋಡಿದಿರಾ? ನೋಡಿದಿರಾ ಇದರ ಕೊಬ್ಬು?" ಎಂದು ಹಿಲ್ಡಾಬಾಯಿ ಬೀದಿಗೆ ಕೇಳುವಂತೆ ಕೂಗಿದರು. ಎದುರುಮನೆಯ ಪರದೆ ಸರಿಯಿತು.

"ಮೋಟರ್ ಬರ್ತದೆ ಬಾಯಿ, ಅಮೆರಿಕದಿಂದ," ಎಂದರು ಪ್ರೇಮಕುಮಾರಿ.

"ಬರ್ತದೆ, ಬರ್ತದೆ. ಬಂದ ಮೇಲೆ ಕಸ್ಟಮ್ಸ್‌ನವರು ಕರೀತಾರೆ, ಇದು ಎಂತದ್ದು, ಯಾಕೆ ಅಂತ. ಅದನ್ನೂ ನಾನೇ ಹೋಗಿ ಹೇಳ್ಬೇಕು."

ಆ ವಾರವೇ ಅವರು ದೊಡ್ಡ ತಪ್ಪಲೆಗಳನ್ನು ಅಟ್ಟಕ್ಕೆ ಹಾಕಿ, ಪಕ್ಕದ ಬಾಗಿಲಿನಿಂದ ಹಿಡಿಯುವಂಥ ಸಣ್ಣ ತಪ್ಪಲೆಗಳನ್ನು ತರಿಸಿದರು. ಹೆಚ್ಚು ಪಾತ್ರೆ, ಹೆಚ್ಚು ತೊಳೆಯುವುದು, ಹೆಚ್ಚು ಗೊಣಗಾಟ. ಕಾರ್ಲ್ಸ್‌ರುಹೆಯ ಸಂಜನಾ ಮತ್ತೆ ಕರೆದಳು.

"ಆಂಟಿ, ಕಾರು ಖಂಡಿತಾ ಬರುತ್ತಲ್ವಾ?"

"ಕಾರು ಬರ್ತದೆ. ಬಾಗಿಲಿನ ಜವಾಬ್ದಾರಿ ನಂದಲ್ಲ," ಎಂದರು ಹಿಲ್ಡಾಬಾಯಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಮೆಣಸು ಹುರಿಯುತ್ತ. "ಆದ್ರೆ ಒಂದು ಕಂಡಿಷನ್ ಉಂಟು. ಊಟ ಆದ ಮೇಲೆ ಅಡುಗೆ ಹೇಗಿತ್ತು ಅಂತ ಹೇಳ್ಬೇಕು. ಉಪ್ಪು ಕಡಿಮೆ ಇದ್ರೆ ಕಡಿಮೆ ಅಂತ್ಲೇ ಹೇಳು. ಕಾರಿನ ಸುದ್ದಿ ಎತ್ತಿದ್ರೆ ಪಾಯಸ ಇಲ್ಲ."